ಪದ ಪರಿಚಯ: ಸಿಹಿನೀರಿನ ಮಸೂರ

ಮಸೂರ ಎಂದೊಡನೆ ಕನ್ನಡಕದ ಗಾಜು ನೆನಪಾಗುತ್ತದೆ. ಆದರೆ ಗಾಜಿಗೆ ಆ ಹೆಸರು ಬಂದದ್ದು ಮಸೂರ ಬೇಳೆಯಿಂದ: ನಡುವೆ ಉಬ್ಬಿ, ಅಂಚಿಗೆ ಬರುತ್ತಾ ತೆಳುವಾಗುವ ಕಾಳು. ಹವಳದ ದ್ವೀಪಗಳ ನೆಲದಡಿಯಲ್ಲಿ ಅದೇ ಆಕಾರದಲ್ಲಿ ನಿಂತಿರುವ ಮಳೆನೀರೇ ಸಿಹಿನೀರಿನ ಮಸೂರ.

ಇಂಥ ದ್ವೀಪದಲ್ಲಿ ಹೊಳೆ ಹರಿಯುವುದಿಲ್ಲ. ಸುರಿದ ಮಳೆ ಮರಳಿನಲ್ಲಿ ಇಂಗುತ್ತದೆ. ಕೆಳಗೆ ಹವಳದ ಕಲ್ಲಿನ ಸಂದುಗಳಲ್ಲಿ ಸಮುದ್ರ ಮೊದಲೇ ಬಂದು ಕೂತಿರುತ್ತದೆ. ಉಪ್ಪುನೀರು ಭಾರ, ಸಿಹಿನೀರು ಹಗುರ. ಹಾಗಾಗಿ ಇದು ಅದರ ಮೇಲೆ ತೇಲುತ್ತದೆ. ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರ ನಿಂತರೆ ಕೆಳಗೆ 40 ಅಡಿ ಆಳದವರೆಗೆ ಇರಬಹುದು ಎಂಬುದು ಹಳೆಯ ಸೂತ್ರ. ಅದು ಕಾಗದದ ಲೆಕ್ಕ. ಭರತ ಇಳಿತಗಳು ದಿನವೂ ಕಲಕುವುದರಿಂದ ನಿಜವಾದ ಮಸೂರ ಇನ್ನೂ ತೆಳು. ಈ ಸೂತ್ರ ತಿರುಗುಬಾಣವೂ ಹೌದು: ಪಂಪು ಇಟ್ಟು ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿದರೆ ಉಪ್ಪುನೀರು ಕೆಳಗಿನಿಂದ 40 ಅಡಿ ಏರಿ ಬರುತ್ತದೆ.

ಹವಾಮಾನ ಬದಲಾವಣೆಯ ಮಾತು ಬಂದಾಗಲೆಲ್ಲ ನಮಗೆ ತೋರಿಸುವುದು ಮುಳುಗುವ ದ್ವೀಪದ ಚಿತ್ರ. ನನಗೆ ಅದು ಅರೆಬರೆ ಎನಿಸುತ್ತದೆ. ದ್ವೀಪ ಮುಳುಗುವ ಬಹಳ ಮೊದಲೇ ಅದರ ಬಾವಿ ಸಾಯುತ್ತದೆ.

ಪೆಸಿಫಿಕ್ ಸಾಗರದ ಟುವಾಲು ನೋಡಿ. ಒಂಬತ್ತು ದ್ವೀಪ, ಎಲ್ಲ ಸೇರಿ 26 ಚದರ ಕಿಲೋಮೀಟರ್. ಅಲ್ಲಿನವರು ಮಸೂರದ ನೀರು ತಾಕುವವರೆಗೆ ಗುಂಡಿ ತೋಡಿ, ಎಲೆಗೊಬ್ಬರ ತುಂಬಿ 'ಪುಲಾಕ' ಎಂಬ ಗೆಡ್ಡೆ ಬೆಳೆಯುತ್ತಾರೆ. ಪತ್ರೊಡೆಯ ಕೆಸುವಿನ ಬಳಗದ್ದೇ ಗಿಡ, ಆದರೆ ಎಲೆ ಆಳೆತ್ತರಕ್ಕೆ ಏರುತ್ತದೆ. ಉಪ್ಪು ತಾಕಿದರೆ ಎಲೆ ಹಳದಿಯಾಗಿ ಗೆಡ್ಡೆ ಕೊಳೆಯುತ್ತದೆ. ಉಪ್ಪು ಬರುವುದು ದಡ ದಾಟಿಯೇ ಆಗಬೇಕೆಂದಿಲ್ಲ. ರಾಜಧಾನಿ ಫುನಾಫುಟಿಯಲ್ಲಿ ವರ್ಷದ ದೊಡ್ಡ ಭರತದ ದಿನಗಳಲ್ಲಿ ಊರ ನಡುವಿನ ನೆಲದಿಂದಲೇ ಸಮುದ್ರ ಗುಳುಗುಳು ಎನ್ನುತ್ತಾ ಒಸರುತ್ತದೆ. ತಡೆಗೋಡೆ ಕಟ್ಟಿ ಏನು ಮಾಡುವುದು? ಕುಡಿಯಲು ತೊಟ್ಟಿಯ ಮಳೆನೀರೇ ಗತಿ. 2011ರಲ್ಲಿ ಮಳೆ ಕೈಕೊಟ್ಟಾಗ ತುರ್ತುಸ್ಥಿತಿ ಸಾರಬೇಕಾಯಿತು.

ಅಲೆ ದಡ ದಾಟಿ ಬಂದರಂತೂ ಕೆಟ್ಟ ಮಸೂರವನ್ನು ತೊಳೆಯಲು ಮಳೆಯೇ ಬೇಕು. 2005ರಲ್ಲಿ ಚಂಡಮಾರುತ ಪರ್ಸಿ ಕುಕ್ ದ್ವೀಪಗಳ ಪುಕಾಪುಕಾದ ಮೇಲೆ ಸಮುದ್ರವನ್ನು ಸುರಿದಾಗ, ನೀರು ಮತ್ತೆ ಕುಡಿಯುವಂತಾಗಲು ಸುಮಾರು 11 ತಿಂಗಳು ಹಿಡಿಯಿತು. ಸಮುದ್ರಮಟ್ಟ ಏರಿದಂತೆ ಇಂಥ ಅಲೆಗಳು ಮತ್ತೆ ಮತ್ತೆ ಬರುತ್ತವೆ. ತೊಳೆದುಕೊಳ್ಳಲು ನಡುವೆ ಬಿಡುವು ಸಿಗುವುದಿಲ್ಲ.

ನಮಗೆ ಹತ್ತಿರದ ಮಸೂರಗಳು ಲಕ್ಷದ್ವೀಪದಲ್ಲಿವೆ. ಅಲ್ಲಿನ ಅಮಿನಿ, ಕಡಮತ್ ಮೊದಲಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಕವರತ್ತಿಯಲ್ಲಿ 2005ರಿಂದ ದಿನಕ್ಕೆ ಒಂದು ಲಕ್ಷ ಲೀಟರ್ ಸಾಮರ್ಥ್ಯದ ಘಟಕವೊಂದು ಸಮುದ್ರದ ನೀರನ್ನೇ ಸಿಹಿ ಮಾಡುತ್ತಿದೆ: ಮೇಲಿನ ಬೆಚ್ಚನೆಯ ನೀರನ್ನು ಆವಿಯಾಗಿಸಿ, ಆಳದಿಂದ ಎತ್ತಿದ ತಣ್ಣನೆಯ ನೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುತ್ತದೆ. ಜಾಣ ಉಪಾಯ. ಪಂಪು ತಿರುಗಿಸಲು ಬೇಕಾದ ವಿದ್ಯುತ್ತು ಮಾತ್ರ ಬಹುಪಾಲು ಡೀಸೆಲ್‌ನಿಂದ. ಆ ಡೀಸೆಲ್ ಹಡಗಿನಲ್ಲಿ ಬರಬೇಕು.