ಸೊನ್ನೆಯ ಮರುದಿನ ನೆಟ್ಸ್‌ನಲ್ಲಿ ಏನಾಯಿತು?

1992ರ ಆಗಸ್ಟ್. ಕೊಲಂಬೊದ ಎಸ್‌ಎಸ್‌ಸಿ ಮೈದಾನದಲ್ಲಿ ಶ್ರೀಲಂಕಾ ಮತ್ತು ಆಸ್ಟ್ರೇಲಿಯಾ ನಡುವೆ ಟೆಸ್ಟ್. ಶ್ರೀಲಂಕಾ ಮೊದಲ ಇನಿಂಗ್ಸ್‌ನಲ್ಲಿ 8 ವಿಕೆಟ್‌ಗೆ 547 ರನ್ ಹೊಡೆಯಿತು. ಮೂವರು ಶತಕ ಬಾರಿಸಿದರು. ಅಂಥ ಪಿಚ್ ಮೇಲೂ ಒಬ್ಬ ಯುವ ಬ್ಯಾಟರ್ ಸೊನ್ನೆಗೆ ಔಟಾದರು. ಅವರು ಮರ್ವನ್ ಅಟಪಟ್ಟು. ಎದುರು ತಂಡದಲ್ಲಿ ಮಣಿಕಟ್ಟಿನಿಂದ ಚೆಂಡು ತಿರುಗಿಸುವ ಒಬ್ಬ ಯುವ ಲೆಗ್ ಸ್ಪಿನ್ನರ್ 107 ರನ್ ಕೊಟ್ಟರು, ಒಂದು ವಿಕೆಟ್ಟೂ ಸಿಗಲಿಲ್ಲ. ಅವರು ಶೇನ್ ವಾರ್ನ್.

ಆ ಹೊತ್ತಿಗೆ ವಾರ್ನ್ ಟೆಸ್ಟ್‌ನಲ್ಲಿ ಒಟ್ಟು 335 ರನ್ ಕೊಟ್ಟು ಪಡೆದಿದ್ದು ಒಂದೇ ವಿಕೆಟ್. ಅದೂ ಸಿಡ್ನಿಯಲ್ಲಿ ರವಿ ಶಾಸ್ತ್ರಿ 206 ಹೊಡೆದ ಮೇಲೆ ಸಿಕ್ಕಿದ್ದು. ಅಟಪಟ್ಟು ಕಥೆ ಇನ್ನೂ ಕಷ್ಟ. 1990ರಲ್ಲಿ ಚಂಡೀಗಢದಲ್ಲಿ ಭಾರತದ ವಿರುದ್ಧ ಮೊದಲ ಟೆಸ್ಟ್ ಆಡಿ 0 ಮತ್ತು 0. ಕೊಲಂಬೊದ ಈ ಪಂದ್ಯದಲ್ಲಿ 0 ಮತ್ತು 1. ಮುಂದೆ 1994ರಲ್ಲಿ ಅಹಮದಾಬಾದ್‌ನಲ್ಲಿ ಮತ್ತೆ 0, 0. ಆರು ಇನಿಂಗ್ಸ್, ಒಂದು ರನ್.

ಈ ಪಂದ್ಯವನ್ನು ಈಗ ಯಾಕೆ ನೆನಪಿಸಿಕೊಂಡೆ ಅಂದರೆ, ಕಳೆದ ತಿಂಗಳು ಒಬ್ಬ ತಂದೆ ನನ್ನ ಹತ್ತಿರ ಬಂದು ಕೇಳಿದ ಪ್ರಶ್ನೆ. ಮಗನಿಗೆ ಹದಿಮೂರು ವರ್ಷ. ಸೀಸನ್‌ನ ಮೊದಲ ಎರಡು ಪಂದ್ಯದಲ್ಲೂ ಸೊನ್ನೆ. ‘ಸರ್, ನೇರವಾಗಿ ಹೇಳಿಬಿಡಿ. ಇವನಿಗೆ ಕ್ರಿಕೆಟ್ ಬರುತ್ತಾ, ಇಲ್ವಾ? ಸುಮ್ನೆ ಓದಿನ ಕಡೆ ಹಾಕಿಬಿಡ್ತೀನಿ’ ಅಂದರು. ಹುಡುಗ ಪಕ್ಕದಲ್ಲೇ ಕಿಟ್ ಬ್ಯಾಗ್ ಹಿಡಿದು ನಿಂತಿದ್ದ.

ಇಪ್ಪತ್ತು ವರ್ಷಕ್ಕೂ ಜಾಸ್ತಿ ಮಕ್ಕಳಿಗೆ ಆಟ ಕಲಿಸಿದ್ದೇನೆ. ಈ ಪ್ರಶ್ನೆಗೆ ಎರಡು ಪಂದ್ಯದ ಸ್ಕೋರು ನೋಡಿ ಉತ್ತರ ಹೇಳೋಕೆ ಆಗುವುದಿಲ್ಲ. ಬ್ಯಾಟಿಂಗ್‌ನಲ್ಲಿ ಒಂದು ತಪ್ಪಿಗೆ ಆ ದಿನವೇ ಮುಗಿದುಹೋಗುತ್ತದೆ. ಬೌಲರ್‌ಗೆ ಮುಂದಿನ ಚೆಂಡು ಇರುತ್ತದೆ, ಬ್ಯಾಟರ್‌ಗೆ ಇರುವುದಿಲ್ಲ. ಹಾಗಾಗಿ ಎಷ್ಟೇ ದೊಡ್ಡ ಆಟಗಾರನಾದರೂ ಸಣ್ಣ ಸ್ಕೋರುಗಳು ಸಾಲಾಗಿ ಬರುವುದುಂಟು. ಡಾನ್ ಬ್ರಾಡ್ಮನ್ ಅವರು 1928ರಲ್ಲಿ ಬ್ರಿಸ್ಬೇನ್‌ನಲ್ಲಿ ಮೊದಲ ಟೆಸ್ಟ್ ಆಡಿ 18 ಮತ್ತು 1 ರನ್ ಹೊಡೆದರು. ಮುಂದಿನ ಟೆಸ್ಟ್‌ಗೆ ಅವರನ್ನು ಕೈಬಿಟ್ಟರು. ಮೂರನೆಯದಕ್ಕೆ ಮತ್ತೆ ಕರೆದಾಗ 79 ಮತ್ತು 112. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರದಂತೂ ಒಂದೇ ಪಂದ್ಯದ ಕಥೆ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆ ಒಂದೆರಡು ದಿನದಲ್ಲಿ ಅವರ ಆಟವೇನೂ ಬದಲಾಗಿರಲಿಲ್ಲ. ಬದಲಾಯಿಸುವ ಅಗತ್ಯವೂ ಇರಲಿಲ್ಲ.

ಅದಕ್ಕೇ ನಾನು ಸೊನ್ನೆಗಿಂತ ಸೊನ್ನೆ ಆದ ಮೇಲಿನ ದಿನಗಳನ್ನು ಜಾಸ್ತಿ ನೋಡುತ್ತೇನೆ. ಏನನ್ನು ಬದಲಾಯಿಸಬೇಕು, ಏನನ್ನು ಮುಟ್ಟಬಾರದು ಅನ್ನುವುದು ಗೊತ್ತಾಗುವುದು ಆಗಲೇ.

ವಾರ್ನ್ ವಿಷಯ ತಗೊಳ್ಳಿ. ಸಿಡ್ನಿಯಲ್ಲಿ ಪೆಟ್ಟು ತಿಂದಾಗ ಅವರ ದೇಹ ಟೆಸ್ಟ್ ಕ್ರಿಕೆಟ್‌ಗೆ ತಯಾರಾಗಿರಲಿಲ್ಲ. ಚೆಂಡು ತಿರುಗಿಸುವ ಮಣಿಕಟ್ಟು ಮಾತ್ರ ಮೊದಲಿಂದಲೂ ಇತ್ತು. ಸ್ಪಿನ್ ಕೋಚ್ ಟೆರ್ರಿ ಜೆನ್ನರ್ ಅವರ ಜೊತೆ ಕೂತು ಕೆಲಸ ಮಾಡಿದರು, ತೂಕ ಇಳಿಸಿದರು. ಮಣಿಕಟ್ಟಿನ ತಂಟೆಗೆ ಹೋಗಲಿಲ್ಲ. ಕೊಲಂಬೊದ ಆ ಪಂದ್ಯದ ಕೊನೆಯ ದಿನ ಶ್ರೀಲಂಕಾ ಗೆಲ್ಲಲು 181 ಬೇಕಿತ್ತು. 2 ವಿಕೆಟ್‌ಗೆ 127 ಇದ್ದ ತಂಡ ಕುಸಿಯತೊಡಗಿತು. ನಾಯಕ ಅಲನ್ ಬಾರ್ಡರ್ ಚೆಂಡನ್ನು ವಾರ್ನ್ ಕೈಗೆ ಕೊಟ್ಟರು. ಕೊನೆಯ ಮೂರು ವಿಕೆಟ್ ಅವರಿಗೇ ಬಿತ್ತು, ಅದೂ ಒಂದೂ ರನ್ ಕೊಡದೆ. ಆಸ್ಟ್ರೇಲಿಯಾ 16 ರನ್ನಿಂದ ಗೆದ್ದಿತು. ಅವರು ನಿವೃತ್ತರಾಗುವಾಗ ಟೆಸ್ಟ್ ವಿಕೆಟ್ 708. ಒಂದು ವಿಕೆಟ್‌ಗೆ 335 ರನ್ ಕೊಟ್ಟ ಹುಡುಗನಿಗೆ ಅಂಥ ಹೊತ್ತಲ್ಲಿ ಚೆಂಡು ಕೊಟ್ಟ ನಾಯಕನ ಧೈರ್ಯವನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ.

ಅನಿಲ್ ಕುಂಬ್ಳೆ ಅವರದು ಬೇರೆ ದಾರಿ. 1990ರಲ್ಲಿ ಇಂಗ್ಲೆಂಡ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಮೊದಲ ಟೆಸ್ಟ್. ಆಗಿನ್ನೂ ಕನ್ನಡಕ ಹಾಕಿಕೊಂಡು ಆಡುತ್ತಿದ್ದರು. ಸಿಕ್ಕಿದ್ದು 3 ವಿಕೆಟ್. ಆಮೇಲೆ ಎರಡು ವರ್ಷಕ್ಕೂ ಜಾಸ್ತಿ ಟೆಸ್ಟ್ ತಂಡದಲ್ಲಿ ಜಾಗ ಇಲ್ಲ. ‘ಚೆಂಡು ತಿರುಗುವುದೇ ಇಲ್ಲ, ಇದೆಂಥ ಲೆಗ್ ಸ್ಪಿನ್’ ಅನ್ನುವ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು. ಇಂಥ ಹೊತ್ತಲ್ಲಿ ಹೆಚ್ಚಿನವರು ತಿರುಗಿಸಲು ಹೋಗಿ ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ. ನನ್ನ ಕಣ್ಣೆದುರೇ ಎಷ್ಟೋ ಹುಡುಗರು ಹಾಗೆ ಹಾಳಾಗಿದ್ದಾರೆ. ಕುಂಬ್ಳೆ ಮೊದಲು ಮಧ್ಯಮ ವೇಗದ ಬೌಲರ್ ಆಗಿದ್ದವರು. ಎತ್ತರದ ಆಳು. ಚೆಂಡು ವೇಗವಾಗಿ ಬಂದು ಎದೆಮಟ್ಟ ಪುಟಿಯುವುದೇ ಅವರ ಬಲ. ಅದನ್ನೇ ಇನ್ನಷ್ಟು ಹರಿತ ಮಾಡಿಕೊಂಡರು. ಓವರ್‌ಗೆ ಆರು ಚೆಂಡೂ ಒಂದೇ ಜಾಗಕ್ಕೆ ಬೀಳಬೇಕು, ಅಷ್ಟು ನಿಖರತೆ. 1992ರಲ್ಲಿ ಇರಾನಿ ಟ್ರೋಫಿ ಎಂಬ ದೇಶೀಯ ಪಂದ್ಯದಲ್ಲಿ ಡೆಲ್ಲಿ ವಿರುದ್ಧ 13 ವಿಕೆಟ್ ಪಡೆದು ದಕ್ಷಿಣ ಆಫ್ರಿಕಾ ಪ್ರವಾಸದ ಟಿಕೆಟ್ ಗಿಟ್ಟಿಸಿದರು. ಜೊಹಾನೆಸ್‌ಬರ್ಗ್‌ನಲ್ಲಿ ಒಂದೇ ಇನಿಂಗ್ಸ್‌ನಲ್ಲಿ 6 ವಿಕೆಟ್. ಕೊನೆಗೆ 132 ಟೆಸ್ಟ್, 619 ವಿಕೆಟ್. ಚೆಂಡು ಆಮೇಲೂ ದೊಡ್ಡದಾಗಿ ತಿರುಗಲಿಲ್ಲ, ಅಲ್ವಾ?

ಕೆಲವರಿಗೆ ಬೇಕಾಗುವುದು ಬ್ಯಾಟಿಂಗ್ ಕ್ರಮದಲ್ಲಿ ಜಾಗದ ಬದಲಾವಣೆ. ರೋಹಿತ್ ಶರ್ಮಾ 2011ರ ವಿಶ್ವಕಪ್ ತಂಡದಲ್ಲಿ ಇರಲಿಲ್ಲ. 2012ರಲ್ಲಿ ಶ್ರೀಲಂಕಾದಲ್ಲಿ ಐದು ಏಕದಿನ ಪಂದ್ಯ ಆಡಿ ಒಟ್ಟು 13 ರನ್ ಹೊಡೆದಿದ್ದರು. 2013ರ ಜನವರಿಯಲ್ಲಿ ಮೊಹಾಲಿಯಲ್ಲಿ ಅವರನ್ನು ಇನಿಂಗ್ಸ್ ಆರಂಭಿಸಲು ಕಳಿಸಿದರು, 83 ಬಂತು. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ 209. ಹೊಸ ಚೆಂಡನ್ನು ನಿಧಾನವಾಗಿ ನೋಡಿಕೊಂಡು ಆಡಲು ಸಮಯ ಸಿಕ್ಕಿದರೆ ಈ ಆಟಗಾರ ಏನು ಮಾಡಬಲ್ಲ ಅನ್ನುವುದು ಅದುವರೆಗೆ ಯಾರಿಗೂ ಗೊತ್ತಾಗಿರಲಿಲ್ಲ.

ತಂಡಗಳ ಮಾತು ಬಂದರೆ ಕಾಲದ ಅಳತೆಯೇ ಬೇರೆ. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ, ಮೊದಲು ಗೆದ್ದಿದ್ದು 1952ರಲ್ಲಿ ಮದ್ರಾಸಿನಲ್ಲಿ. ನ್ಯೂಜಿಲೆಂಡ್ ಮೊದಲ ಗೆಲುವಿಗೆ 26 ವರ್ಷ ಕಾದಿತು. ಆದರೆ ಒಂದೇ ಸೀಸನ್‌ನೊಳಗೆ ತಿರುಗಿ ನಿಂತಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. 2024ರ ಐಪಿಎಲ್‌ನಲ್ಲಿ ಆರ್‌ಸಿಬಿ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತಿತ್ತು. ಹೈದರಾಬಾದ್ ತಂಡ ಬೆಂಗಳೂರಿಗೇ ಬಂದು 287 ಹೊಡೆದು ಹೋಗಿತ್ತು. ಕೋಲ್ಕತ್ತಾದಲ್ಲಿ ಒಂದೇ ರನ್ನಿನ ಸೋಲು. ಆಮೇಲೆ ಸತತ ಆರು ಗೆಲುವು, ಪ್ಲೇಆಫ್.

ಕೋಚ್ ಕಣ್ಣಿನಿಂದ ನೋಡಿದರೆ ಅಲ್ಲಿ ಪವಾಡ ಏನೂ ಇಲ್ಲ. ಮೊದಲು ಮಧ್ಯದ ಓವರ್‌ಗಳಲ್ಲಿ ಎದುರಾಳಿ ಸ್ಪಿನ್ನರ್‌ಗಳನ್ನು ಸುಮ್ಮನೆ ಬಿಡುತ್ತಿದ್ದರು. ಆಮೇಲೆ ರಜತ್ ಪಾಟೀದಾರ್ ಆ ಸ್ಪಿನ್ನರ್‌ಗಳ ಮೇಲೆ ಮುಗಿಬಿದ್ದರು. ವಿರಾಟ್ ಕೊಹ್ಲಿ ಕೂಡ ಮಂಡಿಯೂರಿ ಲೆಗ್ ಕಡೆಗೆ ಎತ್ತಿ ಹೊಡೆಯುವ ಸ್ಲಾಗ್ ಸ್ವೀಪ್ ಹೊರತೆಗೆದರು. ಬೌಲಿಂಗ್‌ಗೆ ಸ್ವಪ್ನಿಲ್ ಸಿಂಗ್ ಎಂಬ ಎಡಗೈ ಸ್ಪಿನ್ನರ್ ಬಂದರು. ಹೈದರಾಬಾದ್‌ನಲ್ಲಿ ತಮ್ಮ ಮೊದಲ ಓವರ್‌ನಲ್ಲೇ ಮಾರ್ಕ್ರಮ್ ಮತ್ತು ಕ್ಲಾಸನ್ ಇಬ್ಬರನ್ನೂ ಔಟ್ ಮಾಡಿದರು. ಸೋತ ತಂಡದಲ್ಲಿ ಹನ್ನೊಂದು ಜನರನ್ನೂ ಬದಲಾಯಿಸಿ ಅಂತ ಕೂಗುವುದು ಸುಲಭ. ಎಲ್ಲಿ ಸೋರುತ್ತಿದೆ ಅಂತ ಹುಡುಕಿ ಅಷ್ಟನ್ನೇ ಮುಚ್ಚುವುದು ನಿಜವಾದ ಕೆಲಸ.

ಇನ್ನು ಆ ಹುಡುಗನ ವಿಷಯ. ನಾನು ತಂದೆಗೆ ಮೊದಲು ಕೇಳಿದ್ದು, ಎರಡು ಸಲವೂ ಹೇಗೆ ಔಟಾದ ಅಂತ. ಅವರಿಗೆ ನೆನಪಿರಲಿಲ್ಲ, ಸ್ಕೋರು ಮಾತ್ರ ಗೊತ್ತಿತ್ತು. ಹುಡುಗ ಮೆಲ್ಲಗೆ ‘ಎಲ್‌ಬಿಡಬ್ಲ್ಯೂ ಸರ್, ಎರಡೂ’ ಅಂದ. ಅಂದರೆ ಸ್ಟಂಪ್‌ಗೆ ಬಡಿಯಬೇಕಿದ್ದ ಚೆಂಡು ಕಾಲಿಗೆ ಬಡಿದು ಔಟ್. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು. ನೆಟ್ಸ್‌ನಲ್ಲಿ ನೋಡಿದರೆ ಕಾರಣ ಕಾಣುತ್ತಿತ್ತು. ಹೆದರಿದಾಗ ಕೆಳಗಿನ ಕೈ ಬ್ಯಾಟನ್ನು ಬಿಗಿಯಾಗಿ ಹಿಡಿಯುತ್ತದೆ. ಚೆಂಡು ಬರುವ ಮೊದಲೇ ಮುಂದಿನ ಕಾಲು ಆಫ್ ಸ್ಟಂಪ್ ಕಡೆ ಅಡ್ಡ ಬಿದ್ದುಬಿಡುತ್ತದೆ, ತಲೆಯೂ ಅದರ ಹಿಂದೆ ವಾಲುತ್ತದೆ. ಚೆಂಡು ಒಳಗೆ ಬಂದರೆ ಬ್ಯಾಟು ಪ್ಯಾಡನ್ನು ಸುತ್ತಿಕೊಂಡು ಬರಬೇಕು, ಅಷ್ಟರಲ್ಲಿ ತಡವಾಗಿರುತ್ತದೆ. ಮಿಡಲ್ ಸ್ಟಂಪ್ ನೇರಕ್ಕೆ ಒಂದು ಸುಣ್ಣದ ಗೆರೆ ಎಳೆದೆ. ಕಾಲು ಆ ಗೆರೆ ದಾಟಬಾರದು. ದಿನಕ್ಕೆ ಅರವತ್ತು ಥ್ರೋಡೌನ್ (ಹತ್ತಿರದಿಂದ ಕೈಯಲ್ಲಿ ಎಸೆಯುವ ಚೆಂಡು), ಮೊದಲು ನಿಧಾನ, ಆಮೇಲೆ ಜೋರು. ಅವನ ಕವರ್ ಡ್ರೈವ್ ಚೆನ್ನಾಗಿದೆ, ಅದರ ಗೋಜಿಗೆ ಹೋಗಲಿಲ್ಲ. ಒಂದು ಸಣ್ಣ ನೋಟ್‌ಬುಕ್ ಕೊಟ್ಟು, ರನ್ ಬರೆಯಬೇಡ, ಹೇಗೆ ಔಟಾದೆ ಅಂತ ಬರಿ ಅಂದೆ.

ಅಟಪಟ್ಟು ಅಹಮದಾಬಾದ್ ನಂತರ ಮೂರು ವರ್ಷ ಟೆಸ್ಟ್ ಆಡಲಿಲ್ಲ. ಆದರೂ ಬ್ಯಾಟ್ ಕೆಳಗಿಡಲಿಲ್ಲ. 1997ರಲ್ಲಿ ಮತ್ತೆ ಕರೆದರು. ಅದೇ ವರ್ಷ ಮೊಹಾಲಿಯಲ್ಲಿ ಭಾರತದ ವಿರುದ್ಧ 108, ಅವರ ಮೊದಲ ಟೆಸ್ಟ್ ಶತಕ. ಎರಡು ಸೊನ್ನೆಯೊಂದಿಗೆ ಶುರು ಮಾಡಿದ ಚಂಡೀಗಢದ ಪಕ್ಕದ ಊರೇ ಅದು. ಕೊನೆಗೆ 5502 ರನ್, 16 ಶತಕ, ಅದರಲ್ಲಿ ಆರು ದ್ವಿಶತಕ. ಇದನ್ನು ಆ ಹುಡುಗನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ: ‘ಆ ಮೂರು ವರ್ಷ ಅವರು ದಿನಾ ಪ್ರಾಕ್ಟೀಸ್ ಮಾಡ್ತಿದ್ರಾ ಸರ್?’

ಮೊನ್ನೆ ಮೂರನೇ ಪಂದ್ಯ ಆಯಿತು. 14 ರನ್ ಹೊಡೆದು ರನ್‌ಔಟ್ ಆದ. ತಂದೆಗೆ ಇನ್ನೂ ಸಮಾಧಾನ ಇಲ್ಲ. ನಾನು ನೋಟ್‌ಬುಕ್ ತೆಗೆಸಿ ನೋಡಿದೆ. ಪೆನ್ಸಿಲ್‌ನಲ್ಲಿ ಎರಡು ಸಾಲು ಬರೆದಿದ್ದ: ‘ಕಾಲು ಅಡ್ಡ ಹೋಗಲಿಲ್ಲ. ಎರಡನೇ ರನ್‌ಗೆ ಕೂಗಿದ್ದು ಕೇಳಿಸಲಿಲ್ಲ.’ ಈ ವಾರ ಓಟದ ನಡುವೆ ಕರೆ ಕೊಡುವುದನ್ನು ಹಿಡಿದುಕೊಂಡಿದ್ದೇವೆ.