ನಿಮ್ಮ ಫೈಲನ್ನು ಯಾರು ತೆರೆಯಬೇಕು? ನಲವತ್ತು ವರ್ಷಗಳ ಹಗ್ಗಜಗ್ಗಾಟ

ಪಿಡಿಎಫ್ ಮೇಲೆ ಡಬಲ್ ಕ್ಲಿಕ್ ಮಾಡುತ್ತೀರಿ. ನಿನ್ನೆವರೆಗೆ ಅಡೋಬಿ ರೀಡರ್‌ನಲ್ಲಿ ತೆರೆಯುತ್ತಿದ್ದದ್ದು ಇವತ್ತು ಬ್ರೌಸರ್‌ನಲ್ಲಿ ತೆರೆಯುತ್ತದೆ. ಮಂಡ್ಯದ ಸೈಬರ್ ಸೆಂಟರ್‌ಗಳಲ್ಲಿ ಪಹಣಿ, ಆದಾಯ ಪ್ರಮಾಣಪತ್ರ ಪ್ರಿಂಟ್ ಹಾಕಿಕೊಡುವವರಿಗೆ ಇದು ಗೊತ್ತಿರುವ ತಲೆನೋವು. ಮೈಸೂರಿನಲ್ಲಿ ಮಾನಸಗಂಗೋತ್ರಿಯ ಸುತ್ತಮುತ್ತ ಥೀಸಿಸ್ ಟೈಪ್ ಮಾಡಿಕೊಡುವ ಡಿಟಿಪಿ ಅಂಗಡಿಯವರಿಗೂ ಅಷ್ಟೇ. ‘ಅಪ್‌ಡೇಟ್ ಆಗಿದೆ ಸಾರ್, ಅದಕ್ಕೇ ಹಿಂಗೆ’ ಎನ್ನುತ್ತಾರೆ. ಕ್ಯೂನಲ್ಲಿ ಜನ ಕಾಯುತ್ತಿರುತ್ತಾರೆ, ಸೆಟ್ಟಿಂಗ್ ಹುಡುಕಲು ಪುರುಸೊತ್ತು ಎಲ್ಲಿ? ಕೆಲಸ ಹಾಗೇ ಮುಂದುವರಿಯುತ್ತದೆ.

ಯಾವ ಫೈಲನ್ನು ಯಾವ ಪ್ರೋಗ್ರಾಂ ತೆರೆಯಬೇಕು ಎಂಬುದು ಸಣ್ಣ ಸೆಟ್ಟಿಂಗ್‌ನಂತೆ ಕಾಣುತ್ತದೆ. ಆದರೆ ಇದೇ ವಿಷಯಕ್ಕೆ ದೊಡ್ಡ ದೊಡ್ಡ ಕಂಪನಿಗಳು ಕೋರ್ಟ್ ಮೆಟ್ಟಿಲು ಹತ್ತಿವೆ. ಕೋಟಿಗಟ್ಟಲೆ ಯೂರೋ ದಂಡ ಬಿದ್ದಿದೆ. ಆ ಕಥೆ ತಿಳಿದರೆ ನಮ್ಮ ಕಂಪ್ಯೂಟರ್ ಯಾಕೆ ಹೀಗಾಡುತ್ತದೆ ಎನ್ನುವುದೂ ತಿಳಿಯುತ್ತದೆ.

ಮೊದಲು ಈ ಪ್ರಶ್ನೆಯೇ ಇರಲಿಲ್ಲ. 1970ರ ದಶಕದಲ್ಲಿ ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ (ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ) ಫೈಲ್ ಹೆಸರಿಗೆ 8 ಅಕ್ಷರ, ಚುಕ್ಕಿ, ಆಮೇಲೆ 3 ಅಕ್ಷರ ಇರುತ್ತಿತ್ತು. ಕೊನೆಯ ಆ 3 ಅಕ್ಷರವೇ ಇವತ್ತಿನ ಎಕ್ಸ್‌ಟೆನ್ಷನ್. 1981ರಲ್ಲಿ ಬಂದ ಮೈಕ್ರೋಸಾಫ್ಟ್‌ನ ಎಂಎಸ್-ಡಾಸ್ ಅದೇ ಪದ್ಧತಿ ಹಿಡಿಯಿತು. ಆಗ ನೀವೇ ಮೊದಲು ಪ್ರೋಗ್ರಾಂ ಹೆಸರು ಟೈಪ್ ಮಾಡಬೇಕಿತ್ತು, ನಂತರ ಫೈಲ್ ಹೆಸರು. ಯಾರು ತೆರೆಯಬೇಕು ಎಂದು ಪ್ರತಿ ಸಲ ನೀವೇ ಹೇಳುತ್ತಿದ್ದಿರಿ.

ಮೌಸ್ ಹಿಡಿದು ಫೈಲ್ ಮೇಲೆ ನೇರವಾಗಿ ಕ್ಲಿಕ್ ಮಾಡುವ ಕಾಲ ಬಂದಾಗ ಸಮಸ್ಯೆ ಶುರುವಾಯಿತು. ಈಗ ಪ್ರೋಗ್ರಾಂ ಯಾವುದು ಎಂದು ಕಂಪ್ಯೂಟರೇ ತೀರ್ಮಾನಿಸಬೇಕು. 1984ರ ಆ್ಯಪಲ್‌ನ ಮ್ಯಾಕಿಂಟಾಷ್ ಇದಕ್ಕೆ ಒಳ್ಳೆಯ ದಾರಿ ಹುಡುಕಿತ್ತು. ಪ್ರತಿ ಫೈಲಿನ ಜೊತೆ ಎರಡು ಗುಪ್ತ ಗುರುತು, ಒಂದೊಂದಕ್ಕೂ 4 ಅಕ್ಷರ. ಒಂದು, ಇದು ಯಾವ ಬಗೆಯ ಫೈಲ್ ಎಂದು. ಇನ್ನೊಂದು, ಇದನ್ನು ಮಾಡಿದ ಪ್ರೋಗ್ರಾಂ ಯಾವುದು ಎಂದು. ಹಾಗಾಗಿ ಒಂದೇ ಬಗೆಯ ಎರಡು ಫೈಲ್‌ಗಳು ಬೇರೆ ಬೇರೆ ಪ್ರೋಗ್ರಾಂನಲ್ಲಿ ತೆರೆಯಬಹುದಿತ್ತು. ಹೆಸರು ಬದಲಾಯಿಸಿದರೂ ಏನೂ ಕೆಡುತ್ತಿರಲಿಲ್ಲ. ನನಗೆ ಇವತ್ತಿಗೂ ಇದೇ ಹೆಚ್ಚು ಸರಿ ಅನಿಸುತ್ತದೆ. ಆದರೆ ಬೇರೆ ಕಂಪ್ಯೂಟರ್‌ಗೆ, ಇಂಟರ್ನೆಟ್‌ಗೆ ಫೈಲ್ ಕಳಿಸಿದರೆ ಆ ಗುರುತುಗಳು ದಾರಿಯಲ್ಲೇ ಕಳಚಿಹೋಗುತ್ತಿದ್ದವು. 2009ರಲ್ಲಿ ಬಂದ ಮ್ಯಾಕ್‌ನ ಸ್ನೋ ಲೆಪರ್ಡ್ ಆವೃತ್ತಿಯ ಹೊತ್ತಿಗೆ ಆ್ಯಪಲ್ ಕೂಡ ‘ಮಾಡಿದವರು ಯಾರು’ ಎನ್ನುವ ಗುರುತನ್ನು ಲೆಕ್ಕಕ್ಕೆ ಇಡುವುದನ್ನು ಬಿಟ್ಟಿತು.

ಯುನಿಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಕಡೆಯವರು ಇನ್ನೊಂದು ದಾರಿ ಹಿಡಿದರು. ಹೆಸರನ್ನು ನಂಬಬೇಡ, ಒಳಗೆ ಇಣುಕಿ ನೋಡು ಅಂತ. ಪಿಡಿಎಫ್ ಫೈಲಿನ ಒಳಗೆ ಮೊದಲಲ್ಲೇ ಪಿಡಿಎಫ್ ಎಂದು ಬರೆದಿರುತ್ತದೆ. ಜಿಪ್ ಫೈಲ್ ಶುರುವಾಗುವುದು ಅದನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲ ಅಕ್ಷರಗಳಿಂದ, ಪಿ ಮತ್ತು ಕೆ. ಯುನಿಕ್ಸ್ ಮಾದರಿಯಲ್ಲೇ ಬಂದ ಲಿನಕ್ಸ್ ಈಗಲೂ ಹೆಸರು, ಒಳಗಿನ ಗುರುತು ಎರಡನ್ನೂ ನೋಡುತ್ತದೆ. ನಿಮ್ಮ ಆಯ್ಕೆಗಳನ್ನು ನೀವೇ ತೆರೆದು ಓದಬಹುದಾದ ಒಂದು ಸಾದಾ ಪಠ್ಯದ ಫೈಲಿನಲ್ಲಿ ಇಡುತ್ತದೆ.

ಆದರೆ ನಮ್ಮ ಊರುಗಳ ಅಂಗಡಿ, ಕಚೇರಿಗಳಲ್ಲಿ ಜಾಸ್ತಿ ಇರುವುದು ವಿಂಡೋಸ್. ಅದು ಬರೀ ಎಕ್ಸ್‌ಟೆನ್ಷನ್ ನಂಬಿಕೊಂಡಿತು. ಹಳೆಯ ವಿಂಡೋಸ್‌ನಲ್ಲಿ ಈ ಪಟ್ಟಿ ಒಂದು ಸಾಮಾನ್ಯ ಪಠ್ಯದ ಫೈಲಿನಲ್ಲಿತ್ತು. ವಿಂಡೋಸ್ 95ರ ಹೊತ್ತಿಗೆ ರಿಜಿಸ್ಟ್ರಿ ಎಂಬ ದೊಡ್ಡ ಉಗ್ರಾಣಕ್ಕೆ ಸೇರಿತು. ಅದೇ ವಿಂಡೋಸ್ 95 ಇನ್ನೊಂದು ಕೆಲಸವನ್ನೂ ಮಾಡಿತು. ತನಗೆ ಪರಿಚಯವಿರುವ ಎಕ್ಸ್‌ಟೆನ್ಷನ್‌ಗಳನ್ನು ತೆರೆಯ ಮೇಲೆ ತೋರಿಸದೆ ಮುಚ್ಚಿಟ್ಟಿತು. ಯಾರು ತೆರೆಯಬೇಕು ಎಂದು ನಿರ್ಧರಿಸುವ ಗುರುತೇ ಬಳಕೆದಾರರ ಕಣ್ಣಿಗೆ ಬೀಳದಂತಾಯಿತು.

ಇದರ ಬೆಲೆ 2000ದ ಮೇ ತಿಂಗಳಲ್ಲಿ ಗೊತ್ತಾಯಿತು. ‘ಐ ಲವ್ ಯೂ’ ಎಂಬ ಇಮೇಲ್ ಜಗತ್ತೆಲ್ಲ ಹರಡಿತು. ಜೊತೆಗಿದ್ದ ಫೈಲಿನ ಹೆಸರು ಟಿಎಕ್ಸ್‌ಟಿ ಎಂದು ಮುಗಿಯುವಂತೆ ಕಾಣುತ್ತಿತ್ತು. ಸಾದಾ ಪಠ್ಯ, ತೆರೆದರೆ ಏನಾಗುತ್ತದೆ ಅಲ್ವಾ? ಆದರೆ ಅದರ ಮುಂದೆ ಇನ್ನೊಂದು ಚುಕ್ಕಿ, ವಿಬಿಎಸ್ ಎಂಬ 3 ಅಕ್ಷರ ಇದ್ದವು. ವಿಂಡೋಸ್ ಅದನ್ನು ಮುಚ್ಚಿಟ್ಟಿತ್ತು. ಡಬಲ್ ಕ್ಲಿಕ್ ಮಾಡಿದ ಕೂಡಲೇ ಅದು ಪ್ರೋಗ್ರಾಂ ಆಗಿ ಓಡಿತು. ಆ ಪಾಠ ಕಲಿತು 25 ವರ್ಷವಾದರೂ ವಿಂಡೋಸ್ 11 ಇವತ್ತಿಗೂ ಎಕ್ಸ್‌ಟೆನ್ಷನ್ ಮುಚ್ಚಿಟ್ಟುಕೊಂಡೇ ಬರುತ್ತದೆ. ಇದು ನನಗೆ ಅರ್ಥವಾಗದ ಹಟ.

ಇತ್ತ ಕಂಪನಿಗಳ ಜಗಳ ಜೋರಾಗಿತ್ತು. ಒಂದು ಹಾಡಿನ ಪ್ಲೇಯರ್ ಹಾಕಿದರೆ ಎಂಪಿ3 ಎಲ್ಲ ಅದರ ಪಾಲು. ಇನ್ನೊಂದು ಹಾಕಿದರೆ ಅದು ಕಿತ್ತುಕೊಳ್ಳುತ್ತಿತ್ತು. ಬ್ರೌಸರ್‌ಗಳ ಜಗಳ ಇನ್ನೂ ದೊಡ್ಡದು. ಅಮೆರಿಕ ಸರ್ಕಾರ 1998ರಲ್ಲಿ ಮೈಕ್ರೋಸಾಫ್ಟ್ ಮೇಲೆ ಕೇಸ್ ಹಾಕಿತು. ಕೊನೆಗೆ ಆದ ರಾಜಿಯ ಫಲವಾಗಿ 2002ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಡಿಫಾಲ್ಟ್ ಪ್ರೋಗ್ರಾಂಗಳನ್ನು, ಅಂದರೆ ಬೇರೆ ಹೇಳದಿದ್ದರೆ ತಾನಾಗಿ ತೆರೆದುಕೊಳ್ಳುವ ಪ್ರೋಗ್ರಾಂಗಳನ್ನು, ಬದಲಾಯಿಸುವ ಪ್ರತ್ಯೇಕ ಜಾಗ ಬಂತು. ಯುರೋಪಿನಲ್ಲಿ 2010ರಿಂದ ‘ಯಾವ ಬ್ರೌಸರ್ ಬೇಕು?’ ಎಂದು ಕೇಳುವ ಪರದೆ ಬಂತು. ವಿಂಡೋಸ್ 7ರ ಒಂದು ಅಪ್‌ಡೇಟ್‌ನಲ್ಲಿ ಆ ಪರದೆ ಕಾಣಿಸದೇ ಹೋಯಿತು. 2013ರಲ್ಲಿ ಅದಕ್ಕಾಗಿ ಮೈಕ್ರೋಸಾಫ್ಟ್‌ಗೆ ಬಿದ್ದ ದಂಡ 56.1 ಕೋಟಿ ಯೂರೋ.

2012ರ ವಿಂಡೋಸ್ 8 ಆಟದ ನಿಯಮವನ್ನೇ ಬದಲಾಯಿಸಿತು. ಇನ್ನು ಮುಂದೆ ಯಾವ ಪ್ರೋಗ್ರಾಂ ಕೂಡ ತಾನೇ ಡಿಫಾಲ್ಟ್ ಆಗುವಂತಿಲ್ಲ, ಬಳಕೆದಾರರೇ ಆರಿಸಬೇಕು. ಆ ಆಯ್ಕೆಯ ಜೊತೆ ರಿಜಿಸ್ಟ್ರಿಯಲ್ಲಿ ಒಂದು ಗುಪ್ತ ಲೆಕ್ಕದ ಮುದ್ರೆ ಬೀಳುತ್ತದೆ. ಮುದ್ರೆ ತಾಳೆಯಾಗದಿದ್ದರೆ ವಿಂಡೋಸ್ ಆ ಆಯ್ಕೆಯನ್ನು ಒಪ್ಪುವುದಿಲ್ಲ. ಕಳ್ಳ ಪ್ರೋಗ್ರಾಂಗಳನ್ನು ತಡೆಯಲು ಇದು ಒಳ್ಳೆಯದೇ. ಆದರೆ ಬೀಗದ ಕೈ ಇರುವುದು ಮೈಕ್ರೋಸಾಫ್ಟ್ ಹತ್ತಿರ, ಪೈಪೋಟಿಯಲ್ಲಿರುವ ಬ್ರೌಸರ್ ಕೂಡ ಅದರದ್ದೇ. 2015ರಲ್ಲಿ ವಿಂಡೋಸ್ 10 ಬಂದಾಗ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲಾದ ಆಗಿನ ಮುಖ್ಯಸ್ಥ ಕ್ರಿಸ್ ಬಿಯರ್ಡ್, ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲಾ ಅವರಿಗೆ ಬಹಿರಂಗ ಪತ್ರ ಬರೆದರು. ಅಪ್‌ಗ್ರೇಡ್ ಮಾಡಿಕೊಂಡರೆ ಜನರ ಹಳೆಯ ಆಯ್ಕೆ ಹಾರಿಹೋಗುತ್ತದೆ ಎಂಬುದು ಅವರ ದೂರು. 2021ರ ವಿಂಡೋಸ್ 11 ಇನ್ನೂ ಕಷ್ಟ ಕೊಟ್ಟಿತು. ಒಂದು ಬ್ರೌಸರ್ ಬದಲಾಯಿಸಲು ಒಂದೊಂದು ಫೈಲ್ ಬಗೆಗೂ ಬೇರೆ ಬೇರೆ ಆಯ್ಕೆ ಮಾಡಬೇಕಿತ್ತು. ಟೀಕೆ ಜೋರಾದ ಮೇಲೆ 2022ರಲ್ಲಿ ಬ್ರೌಸರ್‌ಗೆ ಮಾತ್ರ ಒಂದೇ ಬಟನ್ ಕೊಟ್ಟರು.

‘ಯಾವುದರಲ್ಲಿ ತೆರೆದರೇನು, ಕಂಡರೆ ಸಾಕು’ ಎನ್ನುವವರಿದ್ದಾರೆ. ಅವರಿಗೆ ಒಂದು ಉದಾಹರಣೆ ಹೇಳಬೇಕು. ಮದ್ದೂರಿನ ರೈತರ ಪಟ್ಟಿಯೊಂದು ಗೂಗಲ್ ಶೀಟ್ಸ್‌ನಿಂದ ಸಿಎಸ್‌ವಿ ಫೈಲಾಗಿ (ಕೋಷ್ಟಕವನ್ನು ಅಲ್ಪವಿರಾಮ ಹಾಕಿ ಬರೆದ ಸಾದಾ ಪಠ್ಯ) ಬಂತು ಎಂದಿಟ್ಟುಕೊಳ್ಳಿ. ಅದರಲ್ಲಿ ಕನ್ನಡದ ಹೆಸರುಗಳಿವೆ, ಸರ್ವೆ ನಂಬರ್‌ಗಳಿವೆ. ಎಕ್ಸೆಲ್ ಇರುವ ಕಂಪ್ಯೂಟರ್‌ನಲ್ಲಿ ಸಿಎಸ್‌ವಿ ಸಾಮಾನ್ಯವಾಗಿ ಅದರ ಪಾಲಿಗೇ ಹೋಗುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಬಹಳ ಸಲ ಕನ್ನಡ ಹೆಸರೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಇದು ಯೂನಿಕೋಡ್ ಫೈಲ್ ಎಂದು ಎಕ್ಸೆಲ್‌ಗೆ ಹೊಳೆಯದಿರುವುದೇ ಕಾರಣ. ಅದಕ್ಕಿಂತ ಅಪಾಯ ಸರ್ವೆ ನಂಬರ್‌ನದ್ದು. 12/3 ಎಂದಿದ್ದದ್ದು ಮಾರ್ಚ್ 12 ಆಗುತ್ತದೆ. 5/8 ಎಂದಿದ್ದದ್ದು ಆಗಸ್ಟ್ 5. ಯಾರೂ ಗಮನಿಸದೆ ಸೇವ್ ಮಾಡಿದರೆ ಮೂಲ ಸಂಖ್ಯೆ ಆ ಫೈಲಿನಿಂದ ಹೋಯಿತು ಅಂತಲೇ ಲೆಕ್ಕ. ಜಮೀನಿನ ಲೆಕ್ಕದಲ್ಲಿ ಇದು ಸಣ್ಣ ತಪ್ಪಲ್ಲ. ಇದೇ ಎಕ್ಸೆಲ್ ಚಾಳಿಗೆ ಬೇಸತ್ತು ವಿಜ್ಞಾನಿಗಳು 2020ರಲ್ಲಿ ಕೆಲವು ಮಾನವ ಜೀನ್‌ಗಳ ಹೆಸರನ್ನೇ ಬದಲಾಯಿಸಿದರು, ಯಾಕೆಂದರೆ ಆ ಹೆಸರುಗಳು ಮಾರ್ಚ್, ಸೆಪ್ಟೆಂಬರ್ ತಿಂಗಳ ತಾರೀಖುಗಳಾಗಿಬಿಡುತ್ತಿದ್ದವು. ಎಕ್ಸೆಲ್ ಬದಲು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಅದು ಮೊದಲು ಕೇಳುತ್ತದೆ: ಲಿಪಿಯ ಪದ್ಧತಿ ಯಾವುದು, ಯಾವ ಕಾಲಂ ಅನ್ನು ಬರೀ ಪಠ್ಯವಾಗಿ ಉಳಿಸಬೇಕು ಎಂದು.

ಪಿಡಿಎಫ್‌ನದ್ದೂ ಹೀಗೇ. ಇ-ಆಧಾರ್ ಪಿಡಿಎಫ್‌ನಲ್ಲಿ ಡಿಜಿಟಲ್ ಸಹಿ ಇರುತ್ತದೆ. ಆ ಸಹಿ ಅಸಲಿಯೇ ಎಂದು ಎಲ್ಲ ಪ್ರೋಗ್ರಾಂಗಳೂ ಪರೀಕ್ಷಿಸುವುದಿಲ್ಲ. ಇನ್ನು ಕೆಲವು ತುಂಬುವ ಫಾರಂಗಳು ಅಡೋಬಿ ರೀಡರ್ ಬಿಟ್ಟು ಬೇರೆಡೆ ತೆರೆದರೆ ‘ದಯವಿಟ್ಟು ಕಾಯಿರಿ’ ಎಂಬ ಇಂಗ್ಲಿಷ್ ಸಾಲಿನಲ್ಲೇ ನಿಂತುಬಿಡುತ್ತವೆ. ಸುಮ್ನೆ ಕಾಯುವುದರಲ್ಲಿ ಅರ್ಥವಿಲ್ಲ, ಪ್ರೋಗ್ರಾಂ ಬದಲಾಯಿಸಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ನುಡಿ, ಬರಹ ಫಾಂಟ್‌ನ ಡಾಕ್ ಫೈಲ್ ಮೊಬೈಲ್‌ನಲ್ಲಿ ತೆರೆದಾಗ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಡಿಫಾಲ್ಟ್ ಪ್ರೋಗ್ರಾಂನ ತಪ್ಪಲ್ಲ. ಆ ಫಾಂಟ್ ಅಲ್ಲಿಲ್ಲ, ಅಷ್ಟೇ. ಅದಕ್ಕೆ ಯೂನಿಕೋಡ್‌ಗೆ ಪರಿವರ್ತಿಸುವುದೇ ದಾರಿ.

ಬದಲಾಯಿಸುವುದು ಕಷ್ಟವಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ವಿತ್’ ಒತ್ತಿ, ‘ಚೂಸ್ ಅನದರ್ ಆ್ಯಪ್’ ಆರಿಸಿ, ಬೇಕಾದ ಪ್ರೋಗ್ರಾಂ ಹಿಡಿದು ‘ಆಲ್ವೇಸ್’ ಎನ್ನಿ. ಮ್ಯಾಕ್‌ನಲ್ಲಿ ‘ಗೆಟ್ ಇನ್ಫೋ’ ಒಳಗೆ ‘ಚೇಂಜ್ ಆಲ್’ ಇದೆ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’, ಅದರೊಳಗೆ ‘ಶೋ’, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಟಿಕ್ ಮಾಡಿದರೆ ಮುಚ್ಚಿಟ್ಟ ಅಕ್ಷರಗಳೂ ಕಾಣುತ್ತವೆ. ಹತ್ತು ಜನ ಬಳಸುವ ಅಂಗಡಿಯ ಕಂಪ್ಯೂಟರ್‌ನಲ್ಲಂತೂ ಇದನ್ನು ಮಾಡಲೇಬೇಕು. ದೊಡ್ಡ ಅಪ್‌ಡೇಟ್ ಆದ ಮೇಲೆ ಪಿಡಿಎಫ್, ಸಿಎಸ್‌ವಿ, ಬ್ರೌಸರ್ ಮೂರನ್ನೂ ಒಮ್ಮೆ ನೋಡಿಕೊಳ್ಳಿ.

ಕಾನೂನಿನ ಕಡೆ ನಮ್ಮ ದೇಶ ಮೊಬೈಲ್ ವಿಷಯದಲ್ಲಿ ಒಂದು ಹೆಜ್ಜೆ ಇಟ್ಟಿದೆ. ಆಂಡ್ರಾಯ್ಡ್ ಕುರಿತು ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಡಿಫಾಲ್ಟ್ ಸರ್ಚ್ ಎಂಜಿನ್ ಅನ್ನು ಬಳಕೆದಾರರೇ ಆರಿಸುವಂತಿರಬೇಕು ಎಂದೂ ಹೇಳಿತು. 2024ರ ಮಾರ್ಚ್‌ನಲ್ಲಿ ಬಂದ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡಿನಲ್ಲಿ, ದೊಡ್ಡ ಕಂಪನಿಗಳು ಡಿಫಾಲ್ಟ್ ಸೆಟ್ಟಿಂಗ್ ಆರಿಸಲು, ಬದಲಾಯಿಸಲು ಬಳಕೆದಾರರಿಗೆ ಬಿಡಬೇಕು ಎಂಬ ಅಂಶವಿತ್ತು. ಆ ಅಂಶ ಉಳಿಯಬೇಕು. ಬ್ರೌಸರ್, ಸರ್ಚ್‌ಗೆ ನಿಲ್ಲದೆ ನಮ್ಮ ಪಹಣಿಯ ಪಿಡಿಎಫ್‌ಗೂ, ಸರ್ವೆ ನಂಬರಿನ ಪಟ್ಟಿಗೂ ಅದು ಅನ್ವಯಿಸಬೇಕು. ಒಮ್ಮೆ ಮಾಡಿದ ಆಯ್ಕೆಯನ್ನು ಅಪ್‌ಡೇಟ್ ಮುಟ್ಟಬಾರದು ಎಂದು ಅದರಲ್ಲಿ ಬಿಡಿಸಿ ಬರೆಯಬೇಕು.