ಫೈರ್ ಕಂಟ್ರೋಲ್ ಕಂಪ್ಯೂಟರ್: ಗೇರುಗಳಲ್ಲೇ ಲೆಕ್ಕ ಹಾಕುತ್ತಿದ್ದ ಯಂತ್ರ

ಗಂಟೆಗೆ 480 ಕಿಲೋಮೀಟರ್ ವೇಗದಲ್ಲಿ ಹಾರುವ ವಿಮಾನ ಒಂದು ಸೆಕೆಂಡಿಗೆ ಸುಮಾರು 133 ಮೀಟರ್ ಮುಂದೆ ಹೋಗುತ್ತದೆ. ಹಡಗಿನ ಫಿರಂಗಿಯಿಂದ ಹೊರಟ ಶೆಲ್, ಅಂದರೆ ಸಿಡಿಯುವ ಗುಂಡು, ಅದರ ಹತ್ತಿರ ತಲುಪಲು 8 ಸೆಕೆಂಡು ಬೇಕು ಅಂದುಕೊಳ್ಳಿ. ಅಷ್ಟರಲ್ಲಿ ವಿಮಾನ ಒಂದು ಕಿಲೋಮೀಟರಿಗೂ ಜಾಸ್ತಿ ಸರಿದಿರುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ಜಾಗಕ್ಕೆ ಹೊಡೆದು ಪ್ರಯೋಜನವಿಲ್ಲ. 8 ಸೆಕೆಂಡು ಕಳೆದ ಮೇಲೆ ಅದು ಎಲ್ಲಿರುತ್ತದೋ ಅಲ್ಲಿಗೆ ಹೊಡೆಯಬೇಕು. ಹೊಡೆಯುವ ಹಡಗೂ ಒಂದು ಕಡೆ ನಿಂತಿರುವುದಿಲ್ಲ. ಅದು ಓಡುತ್ತಿರುತ್ತದೆ, ಅಲೆಗೆ ಆ ಕಡೆ ಈ ಕಡೆ ವಾಲುತ್ತಿರುತ್ತದೆ.

ಈ ಲೆಕ್ಕವನ್ನು ಕ್ಷಣಕ್ಷಣಕ್ಕೂ ಹಾಕಿ ಫಿರಂಗಿಗೆ ಹೇಳುತ್ತಿದ್ದ ಯಂತ್ರವೇ ಫೈರ್ ಕಂಟ್ರೋಲ್ ಕಂಪ್ಯೂಟರ್. ಇಲ್ಲಿ ‘ಫೈರ್’ ಅಂದರೆ ಗುಂಡು ಹಾರಿಸುವುದು. ಬೆಂಕಿ ಆರಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದರಲ್ಲಿ ಚಿಪ್ ಇರಲಿಲ್ಲ, ಪ್ರೋಗ್ರಾಂ ಇರಲಿಲ್ಲ. ಇದ್ದದ್ದು ಗೇರು, ಶಾಫ್ಟು (ತಿರುಗುವ ಲೋಹದ ಕಂಬಿ), ಕ್ಯಾಮ್, ಮೋಟಾರು. ಅಷ್ಟಾದರೂ ಇದು ಪೂರ್ತಿ ಅರ್ಥದಲ್ಲಿ ಕಂಪ್ಯೂಟರೇ.

ಅಮೆರಿಕದ ನೌಕಾಪಡೆಯ ‘ಮಾರ್ಕ್ 37’ ವ್ಯವಸ್ಥೆಯನ್ನೇ ನೋಡೋಣ. ಇದು ಮೊದಲು ಬಂದದ್ದು 1939ರಲ್ಲಿ, ಸಿಮ್ಸ್ ವರ್ಗದ ಡಿಸ್ಟ್ರಾಯರ್ ಹಡಗುಗಳ ಮೇಲೆ. ಹಡಗಿನ ಎತ್ತರದ ಜಾಗದಲ್ಲಿ ‘ಡೈರೆಕ್ಟರ್’ ಅನ್ನುವ ತಿರುಗುವ ಗೂಡು. ಅದರೊಳಗಿನ ನಾವಿಕರು ದುರ್ಬೀನಿನಲ್ಲಿ ವಿಮಾನವನ್ನು ಬಿಡದೆ ಹಿಂಬಾಲಿಸಬೇಕು, ದೂರವನ್ನು ಅಳೆಯಬೇಕು. ಮುಂದೆ ರೇಡಾರ್ ಕೂಡ ಇದಕ್ಕೆ ಸೇರಿಕೊಂಡಿತು. ಅಲ್ಲಿ ಸಿಕ್ಕ ದಿಕ್ಕು, ಎತ್ತರದ ಕೋನ, ದೂರ ಎಲ್ಲವೂ ವಿದ್ಯುತ್ ತಂತಿಯ ಮೂಲಕ ಹಡಗಿನೊಳಗೆ ಕೆಳಗಿದ್ದ ‘ಪ್ಲಾಟಿಂಗ್ ರೂಮ್’ ಅನ್ನುವ ಲೆಕ್ಕದ ಕೋಣೆಗೆ ಹೋಗುತ್ತಿದ್ದವು. ಕಂಪ್ಯೂಟರ್ ಇದ್ದದ್ದು ಅಲ್ಲಿ. ಅದರ ಹೆಸರು ‘ಮಾರ್ಕ್ 1’, ತೂಕ ಸುಮಾರು 1,400 ಕಿಲೋ. ಮಾಡಿದ್ದು ನ್ಯೂಯಾರ್ಕಿನ ಫೋರ್ಡ್ ಇನ್‌ಸ್ಟ್ರುಮೆಂಟ್ ಕಂಪನಿ. ಅದನ್ನು ಶುರು ಮಾಡಿದವರು ಹ್ಯಾನಿಬಲ್ ಫೋರ್ಡ್. ಕಾರಿನ ಫೋರ್ಡ್ ಬೇರೆ, ಇವರು ಬೇರೆ.

ಈ ಯಂತ್ರದಲ್ಲಿ ಒಂದು ಸಂಖ್ಯೆ ಅಂದರೆ ಒಂದು ಶಾಫ್ಟ್ ಎಷ್ಟು ತಿರುಗಿದೆ ಅನ್ನುವುದು. ಇಷ್ಟು ಸುತ್ತು ತಿರುಗಿದರೆ ಇಷ್ಟು ಗಜ ದೂರ ಅಂತ ಮೊದಲೇ ಗೊತ್ತು ಮಾಡಿರುತ್ತಾರೆ. ಎರಡು ಸಂಖ್ಯೆಗಳನ್ನು ಕೂಡಬೇಕಾದರೆ ಎರಡು ಶಾಫ್ಟುಗಳನ್ನು ಒಂದು ಡಿಫರೆನ್ಶಿಯಲ್ ಗೇರಿಗೆ ಜೋಡಿಸಿದರೆ ಸಾಕು. ಲಾರಿಯ ಹಿಂದಿನ ಆಕ್ಸಲಿನಲ್ಲಿ ಇರುತ್ತದಲ್ಲ, ಅದೇ ಡಿಫರೆನ್ಶಿಯಲ್. ಮೂರನೇ ಶಾಫ್ಟಿನಲ್ಲಿ ಉತ್ತರ ತಾನಾಗಿಯೇ ತಿರುಗುತ್ತದೆ.

ಶೆಲ್ ಹಾರುವ ದಾರಿ ಇನ್ನೂ ಕಷ್ಟದ್ದು. ಗುರಿ ಎಷ್ಟು ದೂರ, ಎಷ್ಟು ಎತ್ತರ ಅನ್ನುವುದರ ಮೇಲೆ ಶೆಲ್ ತಲುಪುವ ಹೊತ್ತು ಬದಲಾಗುತ್ತದೆ. ಇದಕ್ಕೆ ಸುಲಭದ ಸೂತ್ರವಿಲ್ಲ. ಆದ್ದರಿಂದ ಮೊದಲೇ ಲೆಕ್ಕ ಹಾಕಿದ ಪಟ್ಟಿಯನ್ನು ಲೋಹದ ಉಬ್ಬು ತಗ್ಗುಗಳಾಗಿ ಕೊರೆಯುತ್ತಿದ್ದರು. ಅದೇ ಕ್ಯಾಮ್. ಒಂದು ಶಾಫ್ಟ್ ಕ್ಯಾಮನ್ನು ತಿರುಗಿಸುತ್ತದೆ, ಇನ್ನೊಂದು ಅದರ ಉದ್ದಕ್ಕೂ ಒಂದು ಪಿನ್ನನ್ನು ಸರಿಸುತ್ತದೆ. ಗ್ರಾಮಫೋನ್ ಮುಳ್ಳಿನ ಹಾಗೆ ಆ ಪಿನ್ನು ಮೇಲೆ ಕೆಳಗೆ ಆಡುತ್ತದೆ. ಅದು ಎಷ್ಟು ಎದ್ದಿದೆ ಅನ್ನುವುದೇ ಉತ್ತರ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇಂಟಿಗ್ರೇಟರ್. ಕಾಲೇಜಿನ ಕ್ಯಾಲ್ಕುಲಸ್ ಪಾಠದಲ್ಲಿ ಬರುವ ಇಂಟಿಗ್ರೇಷನ್ ಇದೆಯಲ್ಲ, ಅಂದರೆ ಬದಲಾಗುತ್ತಿರುವುದನ್ನು ಚೂರುಚೂರಾಗಿ ಕೂಡಿಸುತ್ತಾ ಹೋಗುವ ಲೆಕ್ಕ, ಅದನ್ನು ಕೈಯಲ್ಲಿ ಮುಟ್ಟುವ ವಸ್ತುವಾಗಿ ಮಾಡಿದ್ದಾರೆ. ಒಂದು ಚಪ್ಪಟೆ ತಟ್ಟೆ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ. ಅದು ಕಾಲ. ತಟ್ಟೆಯ ಮೇಲೆ ಉಕ್ಕಿನ ಗೋಲಿ, ಗೋಲಿಯ ಮೇಲೆ ಒಂದು ರೋಲರ್. ಗೋಲಿ ತಟ್ಟೆಯ ನಡುಮಧ್ಯದಲ್ಲಿದ್ದರೆ ರೋಲರ್ ತಿರುಗುವುದೇ ಇಲ್ಲ. ಅಂಚಿನ ಕಡೆಗೆ ಸರಿಸಿದಷ್ಟೂ ಜೋರಾಗಿ ತಿರುಗುತ್ತದೆ. ಮಧ್ಯದಿಂದ ಆಚೆ ಬದಿಗೆ ಸರಿಸಿದರೆ ಉಲ್ಟಾ ತಿರುಗುತ್ತದೆ. ಗೋಲಿಯ ಜಾಗವನ್ನು ವಿಮಾನದ ದೂರ ಬದಲಾಗುವ ವೇಗಕ್ಕೆ ತಕ್ಕಂತೆ ಇಟ್ಟರೆ, ರೋಲರ್ ತಿರುಗಿದ ಒಟ್ಟು ಸುತ್ತು ದೂರ ಎಷ್ಟು ಬದಲಾಯಿತು ಅಂತ ಹೇಳುತ್ತದೆ. ವೇಗ ನಡುವೆ ಎಷ್ಟು ಸಲ ಬದಲಾದರೂ ಲೆಕ್ಕ ತಪ್ಪುವುದಿಲ್ಲ. ಗೋಲಿ ಸರಿಯುತ್ತದೆ, ಅಷ್ಟೆ. ಆದರೆ ಗೋಲಿ ಉರುಳಿ ಬರುವ ಬಲ ತೀರಾ ಕಮ್ಮಿ. ಅದಕ್ಕೇ ಅದರ ಮುಂದೆ ಒಂದು ಚಿಕ್ಕ ಮೋಟಾರ್ ಇಡುತ್ತಿದ್ದರು. ಅದು ರೋಲರನ್ನು ನೋಡಿಕೊಂಡು ಅದರಷ್ಟೇ ತಿರುಗಿ, ಭಾರದ ಗೇರುಗಳನ್ನು ಓಡಿಸುತ್ತಿತ್ತು.

ಈ ಎಲ್ಲ ಭಾಗಗಳು ಸೇರಿ ಏನು ಮಾಡುತ್ತಿದ್ದವು? ವಿಮಾನ ಇಷ್ಟು ವೇಗದಲ್ಲಿ, ಈ ದಿಕ್ಕಿಗೆ, ಹೀಗೆ ಏರುತ್ತಾ ಇಳಿಯುತ್ತಾ ಹೋಗುತ್ತಿದೆ ಅಂತ ಯಂತ್ರ ಒಂದು ಊಹೆ ಇಟ್ಟುಕೊಳ್ಳುತ್ತದೆ. ಆ ಊಹೆಯ ವಿಮಾನವನ್ನು ತನ್ನೊಳಗೇ ಓಡಿಸುತ್ತಾ ಹೋಗುತ್ತದೆ. ಮೇಲಿನ ಡೈರೆಕ್ಟರ್ ಕೂಡ ಆ ಊಹೆಯ ಪ್ರಕಾರವೇ ತಿರುಗುತ್ತಿರುತ್ತದೆ. ಊಹೆ ಸರಿಯಿದ್ದರೆ ನಿಜವಾದ ವಿಮಾನ ದುರ್ಬೀನಿನ ಮಧ್ಯದಲ್ಲಿ ಅಲ್ಲಾಡದೆ ನಿಲ್ಲುತ್ತದೆ. ಅದು ಪಕ್ಕಕ್ಕೆ ಜಾರಿದರೆ ಮೇಲಿರುವ ನಾವಿಕ ಹಿಡಿಕೆ ತಿರುಗಿಸಿ ಸರಿಮಾಡುತ್ತಾನೆ. ಆ ತಿದ್ದುಪಡಿ ಕೆಳಗಿನ ಯಂತ್ರಕ್ಕೆ ಹೋಗಿ ಅದರ ಊಹೆಯನ್ನೂ ತಿದ್ದುತ್ತದೆ. ಕೆಲವು ಸೆಕೆಂಡುಗಳಲ್ಲಿ ಊಹೆ, ನಿಜ ಎರಡೂ ಒಂದಾಗುತ್ತವೆ. ಒಂದು ಸಲ ಉತ್ತರ ಕೊಟ್ಟು ಸುಮ್ಮನಾಗುವ ಯಂತ್ರ ಇದಲ್ಲ. ತಪ್ಪನ್ನು ನೋಡಿ ತನ್ನನ್ನೇ ತಿದ್ದಿಕೊಳ್ಳುತ್ತಲೇ ಇರುತ್ತದೆ. ಇದರ ನಿಜವಾದ ಹಿರಿಮೆ ಇದೇ ಅಂತ ನನ್ನ ಅಭಿಪ್ರಾಯ.

ಹಡಗು ವಾಲುವುದನ್ನು ಕಂಪ್ಯೂಟರಿನ ಪಕ್ಕದಲ್ಲಿದ್ದ ಗೈರೋಸ್ಕೋಪ್ (ಜೋರಾಗಿ ತಿರುಗುತ್ತಾ ತನ್ನ ದಿಕ್ಕು ಬಿಡದ ಚಕ್ರ) ಹೇಳುತ್ತಿತ್ತು. ಗಾಳಿಯ ವೇಗ, ಸವೆದ ನಳಿಗೆಯಿಂದ ಶೆಲ್ಲಿನ ವೇಗ ಎಷ್ಟು ತಗ್ಗಿದೆ ಅನ್ನುವುದನ್ನು ಕೈಯಿಂದ ಕೂಡಿಸುತ್ತಿದ್ದರು. ಉತ್ತರ ನೇರವಾಗಿ 5 ಇಂಚಿನ ಫಿರಂಗಿಗಳಿಗೆ ಹೋಗುತ್ತಿತ್ತು. ಮೋಟಾರುಗಳು ಅವನ್ನು ತಾವೇ ತಿರುಗಿಸುತ್ತಿದ್ದವು.

ಇನ್ನೊಂದು ತೊಡಕು ಫ್ಯೂಜ್, ಅಂದರೆ ಶೆಲ್ಲನ್ನು ಸಿಡಿಸುವ ಸಾಧನ. ಹಾರುವ ವಿಮಾನಕ್ಕೆ ಶೆಲ್ ನೇರವಾಗಿ ತಗಲುವುದು ಅಪರೂಪ. ಅದರ ಹತ್ತಿರ ಹೋದಾಗ ಸಿಡಿಯಬೇಕು, ಚೂರುಗಳು ವಿಮಾನಕ್ಕೆ ಬಡಿಯಬೇಕು. ಹಾಗಾಗಿ ಪ್ರತಿ ಶೆಲ್ಲಿನ ಮೂತಿಯಲ್ಲೂ ಗಡಿಯಾರದಂಥ ಒಂದು ಫ್ಯೂಜ್ ಇರುತ್ತಿತ್ತು. ಶೆಲ್ ಕೆಳಗಿನಿಂದ ಮೇಲೆ ಬರುವ ಹೋಯಿಸ್ಟ್ ಅನ್ನುವ ಲಿಫ್ಟಿನಲ್ಲೇ ಕಂಪ್ಯೂಟರ್ ಹೇಳಿದ ಸೆಕೆಂಡಿಗೆ ಅದನ್ನು ತಿರುಗಿಸಿ ಇಡುತ್ತಿದ್ದರು. ಆದರೆ ಶೆಲ್ಲನ್ನು ಅಲ್ಲಿಂದ ಎತ್ತಿ, ಫಿರಂಗಿಗೆ ತುಂಬಿ, ಹೊಡೆಯುವ ತನಕ ಕೆಲವು ಸೆಕೆಂಡು ಹೋಗುತ್ತದೆ. ಆ ಹೊತ್ತನ್ನೂ ಯಂತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ತುಂಬುವವನ ಕೈ ಸ್ವಲ್ಪ ತಡವಾದರೂ ಶೆಲ್ ತಪ್ಪು ಜಾಗದಲ್ಲಿ ಸಿಡಿಯುತ್ತಿತ್ತು. 1943ರ ಜನವರಿಯಲ್ಲಿ ಹೆಲೆನಾ ಅನ್ನುವ ಕ್ರೂಸರ್ ಹಡಗು ಮೊದಲ ಸಲ ಯುದ್ಧದಲ್ಲಿ ಬಳಸಿದ ಪ್ರಾಕ್ಸಿಮಿಟಿ ಫ್ಯೂಜ್ ಈ ಕಷ್ಟವನ್ನು ತೆಗೆದುಹಾಕಿತು. ಅದರಲ್ಲಿ ಪುಟ್ಟ ರೇಡಿಯೋ ಇತ್ತು. ವಿಮಾನ ಹತ್ತಿರವಾದರೆ ತಾನೇ ಸಿಡಿಯುತ್ತಿತ್ತು. ಗುರಿಯ ಲೆಕ್ಕ ಮಾತ್ರ ಗೇರುಗಳದ್ದೇ.

ಬ್ರಿಟಿಷರ ದಾರಿ ಬೇರೆಯಾಗಿತ್ತು. ಅವರ ‘ಹೈ ಆಂಗಲ್ ಕಂಟ್ರೋಲ್ ಸಿಸ್ಟಮ್’ ಮೊದಮೊದಲು ವಿಮಾನದ ವೇಗವನ್ನು ಅಧಿಕಾರಿಯ ಅಂದಾಜಿನಿಂದ ತೆಗೆದುಕೊಳ್ಳುತ್ತಿತ್ತು. ವಿಮಾನ ಒಂದೇ ಎತ್ತರದಲ್ಲಿ ನೆಟ್ಟಗೆ ಹಾರುತ್ತದೆ ಅಂತಲೂ ನಂಬಿತ್ತು. ಡೈವ್ ಬಾಂಬರುಗಳು ಕಡಿದಾಗಿ ಎರಗುವ ಕಾಲಕ್ಕೆ ಅದು ಸಾಲಲಿಲ್ಲ. ಆಮೇಲೆ ಗೈರೋ, ರೇಡಾರ್ ಸೇರಿಸಿ ಸುಧಾರಿಸಿದರು. ಮಾರ್ಕ್ 1 ಏರಿಳಿತವನ್ನು ಲೆಕ್ಕಕ್ಕೆ ಹಿಡಿಯುತ್ತಿತ್ತು ನಿಜ. ಆದರೆ ಅದೂ ವಿಮಾನ ನೇರ ಗೆರೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತದೆ ಅಂತಲೇ ತಿಳಿಯುತ್ತಿತ್ತು. ಪೈಲಟ್ ಪದೇ ಪದೇ ದಾರಿ ಬದಲಿಸಿದರೆ ಯಂತ್ರದ ಊಹೆ ಹಿಂದೆ ಬೀಳುತ್ತಿತ್ತು.

ಮಾರ್ಕ್ 1ರ ಸುಧಾರಿತ ರೂಪ ‘ಮಾರ್ಕ್ 1ಎ’. ಅಯೋವಾ ವರ್ಗದ ಯುದ್ಧನೌಕೆಗಳು 1980ರ ದಶಕದಲ್ಲಿ ಮತ್ತೆ ಸೇವೆಗೆ ಬಂದಾಗಲೂ ಅದು ಅವುಗಳ ಮೇಲೆ ಇತ್ತು. ಆ ಪೈಕಿ ನ್ಯೂಜೆರ್ಸಿ ಅನ್ನುವ ನೌಕೆ ಈಗ ಕ್ಯಾಮ್ಡೆನ್ ಊರಿನಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಫಿಲಡೆಲ್ಫಿಯಾದಿಂದ ನದಿ ದಾಟಿದರೆ ಸಿಗುತ್ತದೆ. ಆ ಕಡೆ ಇರುವವರು ಪ್ಲಾಟಿಂಗ್ ರೂಮನ್ನು ತಪ್ಪದೆ ನೋಡಿ.